ಹದಿನೈದು ರೂಪಾಯಿಯ ಯೆಜ್ಡಿ

ಹೋದ ವರ್ಷ ಪ್ರಥಮ ಪಿಯುಸಿಯಲ್ಲಿ ನಮಗೆ ಸವಕಳಿ ಪಾಠ ನಡೆಯುತ್ತಿತ್ತು. ಯಂತ್ರ, ಪೀಠೋಪಕರಣ, ವಾಹನ ಎಲ್ಲವೂ ವರ್ಷದಿಂದ ವರ್ಷಕ್ಕೆ ಬೆಲೆ ಕಳೆದುಕೊಳ್ಳುತ್ತವೆ, ಆ ನಷ್ಟವನ್ನು ಪುಸ್ತಕದಲ್ಲಿ ಹೇಗೆ ತೋರಿಸಬೇಕು ಎಂಬುದು ಪಾಠ. ಮನೆಯಲ್ಲಿರುವ ಯಾವುದಾದರೂ ಒಂದು ವಸ್ತುವಿನ ಮೇಲೆ ಲೆಕ್ಕ ಮಾಡಿಕೊಂಡು ಬನ್ನಿ ಎಂದು ಮೇಡಂ ಹೇಳಿದರು. ಗೆಳತಿಯರು ಫ್ರಿಜ್ಜು, ಹೊಲಿಗೆ ಯಂತ್ರ, ಅಣ್ಣನ ಲ್ಯಾಪ್‌ಟಾಪ್ ತೆಗೆದುಕೊಂಡರು. ನಾನು ನಮ್ಮ ದಾದಾ ಕೊಂಡಿದ್ದ ಯೆಜ್ಡಿ ರೋಡ್‌ಕಿಂಗ್ ತೆಗೆದುಕೊಂಡೆ.

ದಾದಾ ಅದಕ್ಕೆ ಎಷ್ಟು ಕೊಟ್ಟಿದ್ದರೋ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಲೆಕ್ಕಕ್ಕೆ ಸುಲಭವಾಗಲಿ ಎಂದು 10,000 ರೂಪಾಯಿ ಅಂದುಕೊಂಡೆ. ಪ್ರತಿವರ್ಷ ಉಳಿದ ಬೆಲೆಯ ಮೇಲೆ ಶೇಕಡಾ 15ರಂತೆ ಕಳೆಯುತ್ತಾ ಹೋದರೆ ಹತ್ತು ವರ್ಷಕ್ಕೆ 1,969 ರೂಪಾಯಿ ಉಳಿಯುತ್ತದೆ. ಇಪ್ಪತ್ತು ವರ್ಷಕ್ಕೆ 388. ನಲವತ್ತು ವರ್ಷಕ್ಕೆ 15 ರೂಪಾಯಿ. ಉತ್ತರ ನೋಡಿ ತಪ್ಪಾಯಿತೇನೋ ಎಂದು ಇನ್ನೊಮ್ಮೆ ಮಾಡಿದೆ. ಮತ್ತೆ ಹದಿನೈದೇ ಬಂತು. ನಮ್ಮ ಮೊಹಲ್ಲಾದ ಹೋಟೆಲಿನಲ್ಲಿ ಒಂದು ಚಹಾದ ದುಡ್ಡು.

ತರಗತಿಯಲ್ಲಿ ಇದನ್ನು ಓದಿದಾಗ ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕು, "ಅಷ್ಟು ವರ್ಷ ಯಾರು ಗಾಡಿ ಇಟ್ಟುಕೊಳ್ಳುತ್ತಾರಮ್ಮಾ? ಹತ್ತು ವರ್ಷಕ್ಕೆ ಗುಜರಿ ಬೆಲೆ ಹಾಕಿ ಖಾತೆ ಮುಗಿಸು" ಎಂದರು. ಅವರು ಹೇಳಿದ್ದು ಲೆಕ್ಕಶಾಸ್ತ್ರದ ಪ್ರಕಾರ ಸರಿಯೇ. ಆದರೆ ಆ ದಿನ ಬೆಳಿಗ್ಗೆ ಅಬ್ಬಾ ನನ್ನನ್ನು ಅದೇ ಗಾಡಿಯ ಮೇಲೆ ಕಾಲೇಜಿನ ಗೇಟಿನವರೆಗೆ ಬಿಟ್ಟು ಹೋಗಿದ್ದರು. ಅದನ್ನು ಹೇಳಲು ನನಗೆ ನಾಚಿಕೆಯಾಯಿತು. ಆ ನಾಚಿಕೆ ಯಾಕೆ ಬಂತು ಎಂಬುದರ ಬಗ್ಗೆ ಒಂದು ವರ್ಷದಿಂದ ಯೋಚಿಸುತ್ತಿದ್ದೇನೆ. ಅದಕ್ಕೇ ಈ ಲೇಖನ.

ನಮ್ಮ ಅಬ್ಬಾ ಮೆಕ್ಯಾನಿಕ್. ಮೈಸೂರಿನಲ್ಲಿ ಹಳೆಯ ಜಾವಾ ಮತ್ತು ಯೆಜ್ಡಿ ಗಾಡಿಗಳನ್ನು ಮಾತ್ರ ರಿಪೇರಿ ಮಾಡುವ ಸಣ್ಣ ಗ್ಯಾರೇಜು ನಮ್ಮದು. ಅಂಗಡಿಯ ಒಳಗೆ ಎರಡು ಗಾಡಿ ಹಿಡಿಸುತ್ತದೆ, ಉಳಿದವು ರಸ್ತೆಯಲ್ಲಿ ನಿಲ್ಲುತ್ತವೆ. ಅಬ್ಬಾ ಜೊತೆ ಇಬ್ಬರು ಹುಡುಗರಿದ್ದಾರೆ. ಹತ್ತನೇ ತರಗತಿ ಮುಗಿಸಿದಾಗಿನಿಂದ ಅಂಗಡಿಯ ಲೆಕ್ಕ ಬರೆಯುವವಳು ನಾನು. ರಾತ್ರಿ ಊಟವಾದ ಮೇಲೆ ಅಬ್ಬಾ ಎಣ್ಣೆ ಮೆತ್ತಿದ ಚೀಟಿಗಳನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಹಾಕುತ್ತಾರೆ, ನಾನು ನಗದು ಪುಸ್ತಕಕ್ಕೆ ಏರಿಸುತ್ತೇನೆ. ಅಬ್ಬಾ ಉರ್ದುವಿನಲ್ಲಿ ಹೇಳುತ್ತಾರೆ, ನಾನು ಕನ್ನಡದಲ್ಲಿ ಬರೆಯುತ್ತೇನೆ, ಬಿಡಿಭಾಗಗಳ ಹೆಸರೆಲ್ಲ ಇಂಗ್ಲಿಷು. ಮೂರು ಭಾಷೆಯ ಪುಸ್ತಕ ಅದು.

ಈ ಗಾಡಿಗಳು ನಮ್ಮ ಊರಿನವು ಎಂಬುದು ನಮ್ಮ ಕಾಲೇಜಿನಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಜಾವಾ ಹುಟ್ಟಿದ್ದು ಜೆಕ್ ದೇಶದಲ್ಲಿ, 1929ರಲ್ಲಿ. ಯಾನೆಚೆಕ್ ಎಂಬ ಮಾಲೀಕನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್ ಎಂಬ ಕಂಪನಿಯ ಹೆಸರಿನ ಮೊದಲೆರಡು ಅಕ್ಷರ ಸೇರಿ ಜಾವಾ ಆಯಿತು. 1960ರಲ್ಲಿ ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿಯವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಆರಂಭಿಸಿದರು. ಯಾದವಗಿರಿಯ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬಂದವು. 1973ರಿಂದ ಜಾವಾ ಬದಲು ಯೆಜ್ಡಿ ಎಂಬ ಹೆಸರು ಬಂತು. ನಮ್ಮ ದಾದಾರ ರೋಡ್‌ಕಿಂಗ್ ಮಾದರಿ ಬಂದದ್ದು 1978ರಲ್ಲಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಾವ್ಯಾರೂ ಆಗ ಹುಟ್ಟಿರಲಿಲ್ಲ.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಮಾರುಕಟ್ಟೆಗೆ ಬಂದವಲ್ಲ ಎಂದು ಯಾರಾದರೂ ಕೇಳಬಹುದು. ಬಂದದ್ದು ಹೆಸರು. ಒಳಗಿನ ಎಂಜಿನ್ ಬೇರೆ. ಹಳೆಯದು ಎರಡು ಸ್ಟ್ರೋಕಿನದು, ಗಾಳಿಗೆ ತಣಿಯುವಂಥದು. ಹೊಸದು ನಾಲ್ಕು ಸ್ಟ್ರೋಕಿನದು, ನೀರು ಸುತ್ತಿ ತಣಿಯುವಂಥದು. ಹೊಸ ಶೋರೂಮಿಗೆ ಹೋಗಿ ದಾದಾರ ಗಾಡಿಗೆ ಪಿಸ್ಟನ್ ಕೊಡಿ ಎಂದರೆ ಸಿಗುವುದಿಲ್ಲ.

ಹಾಗಾದರೆ ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಈ ಗಾಡಿಗಳು ಓಡುತ್ತಿರುವುದು ಹೇಗೆ? ನನ್ನ ಉತ್ತರ ಸರಳ. ಅವನ್ನು ಓಡಿಸುತ್ತಿರುವುದು ಅಬ್ಬಾರಂತಹ ಜನ. ಅವರ ಹಿಂದೆ ಕಂಪನಿ ಇಲ್ಲ, ಕೈಯಲ್ಲಿ ಸರ್ಟಿಫಿಕೇಟ್ ಇಲ್ಲ, ಎಷ್ಟೋ ಕಡೆ ಬಾಗಿಲ ಮೇಲೆ ಬೋರ್ಡೂ ಇಲ್ಲ. ಅಬ್ಬಾ ಕೆಲಸ ಕಲಿತದ್ದು ಒಬ್ಬ ಉಸ್ತಾದ್ ಹತ್ತಿರ. ಆ ಉಸ್ತಾದ್ ಕಲಿತದ್ದು ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುತ್ತಿದ್ದ ಒಬ್ಬರ ಹತ್ತಿರ. ಯಾರೂ ಏನನ್ನೂ ಬರೆದಿಟ್ಟಿಲ್ಲ.

ಈ ಕೆಲಸ ಎಂಥದು ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ನಂಜನಗೂಡಿನ ಕಡೆಯ ಒಬ್ಬ ರೈತರು ತಮ್ಮ ಯೆಜ್ಡಿಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುತ್ತಾರೆ. ಗಾಡಿ ಒಂದೇ ಸಮನೆ ಬಿಳಿ ಹೊಗೆ ಉಗುಳುತ್ತಿತ್ತು. ಅವರ ಊರಿನಲ್ಲಿ ಯಾರೋ ಪಿಸ್ಟನ್ ಹೋಗಿದೆ, ಬೋರಿಂಗ್ ಮಾಡಿಸಬೇಕು, ಐದಾರು ಸಾವಿರ ಆಗುತ್ತದೆ ಎಂದಿದ್ದರಂತೆ. "ಸಾಬ್ರೇ, ಅಷ್ಟು ದುಡ್ಡಿಲ್ಲ, ಏನಾದ್ರೂ ಮಾಡಿ" ಎಂದು ಬಂದರು. ಅಬ್ಬಾ ಎಂಜಿನ್ ಬಿಚ್ಚಲಿಲ್ಲ. "ಗೌಡ್ರೇ, ಗೇರ್ ಆಯಿಲ್ ಯಾವಾಗ ಹಾಕಿಸಿದ್ರಿ?" ಎಂದು ಕೇಳಿದರು. ಹೋದ ತಿಂಗಳು ಎಂದರು. ತೆಗೆದು ನೋಡಿದರೆ ಅರ್ಧವೂ ಇರಲಿಲ್ಲ. ಕೆಳಗೆ ಒಂದು ಹನಿ ಸೋರಿದ ಗುರುತೂ ಇಲ್ಲ. ಹಾಗಾದರೆ ಎಣ್ಣೆ ಎಲ್ಲಿಗೆ ಹೋಯಿತು? ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಹೋಗುವಾಗ ಕೆಳಗಿನ ಕ್ರ್ಯಾಂಕ್ ಕೋಣೆ ಪೆಟ್ರೋಲು ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಆ ಕೋಣೆಗೂ ಗೇರಿನ ಕಡೆಗೂ ನಡುವೆ ಒಂದು ರಬ್ಬರ್ ಸೀಲ್ ಇರುತ್ತದೆ. ಅದು ಸವೆದರೆ ಮಿಶ್ರಣದ ಜೊತೆ ಗೇರ್ ಆಯಿಲನ್ನೂ ಎಳೆದುಕೊಂಡು ಸುಡುತ್ತದೆ. ಹೊಗೆ ಬಂದದ್ದು ಅದರಿಂದ. ಸೀಲ್ ಬದಲಾಯಿಸಿದರು. ಸಾಮಾನು, ಕೂಲಿ ಸೇರಿ ನಾನು ಆ ರಾತ್ರಿ ಬರೆದದ್ದು 650 ರೂಪಾಯಿ.

ಬೋರಿಂಗ್ ಎಂದೇ ಹೇಳಿ ಐದು ಸಾವಿರ ತೆಗೆದುಕೊಂಡಿದ್ದರೆ ಆ ರೈತರಿಗೆ ಗೊತ್ತಾಗುತ್ತಿರಲಿಲ್ಲ. ಲೆಕ್ಕ ಬರೆಯುವವಳಾಗಿ ನನಗೆ ಒಂದು ಕ್ಷಣ ಹಾಗೆ ಅನ್ನಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ, ಏಕೆಂದರೆ ಆ ವಾರ ನನ್ನ ಕಾಲೇಜಿನ ಶುಲ್ಕ ಕಟ್ಟಬೇಕಿತ್ತು. ಈ ವರ್ಷ ನಮಗೆ ಪಾಲುದಾರಿಕೆ ಲೆಕ್ಕದಲ್ಲಿ ಗುಡ್‌ವಿಲ್ ಬೆಲೆ ಕಟ್ಟುವುದು ಕಲಿಸಿದ್ದಾರೆ. ಸರಾಸರಿ ಲಾಭ ತೆಗೆದು ಇಷ್ಟು ವರ್ಷದಿಂದ ಗುಣಿಸಿದರೆ ಗುಡ್‌ವಿಲ್. ಅಬ್ಬಾರ ಲಾಭದ ಸರಾಸರಿ ತೆಗೆದರೆ ಬರುವುದು ಬಹಳ ಸಣ್ಣ ಸಂಖ್ಯೆ. ಆದರೆ ಆ ರೈತರು ತಮ್ಮ ಊರಿನಿಂದ ಆಮೇಲೆ ನಾಲ್ಕು ಗಾಡಿ ಕಳಿಸಿದರು.

ನಿಜವಾಗಿಯೂ ಬೋರಿಂಗ್ ಬೇಕಾದಾಗ ಸಿಲಿಂಡರನ್ನು ಲೇತ್ ಅಂಗಡಿಗೆ ಒಯ್ಯುತ್ತಾರೆ. ಅಲ್ಲಿ ಸವೆದ ಒಳಗೋಡೆಯನ್ನು ಕೂದಲೆಳೆಯಷ್ಟು ಕೊರೆದು ದುಂಡು ಮಾಡುತ್ತಾರೆ, ಕಾಲು ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕುತ್ತಾರೆ. ಮುಂದಿನ ಸಲ ಅರ್ಧ, ಆಮೇಲೆ ಮುಕ್ಕಾಲು. ಕೊರೆಯಲು ಜಾಗವೇ ಉಳಿಯದಿದ್ದಾಗ ಒಳಗೆ ಹೊಸ ತೋಳು ಕೂರಿಸಿ ಮತ್ತೆ ಮೊದಲಿನಿಂದ ಶುರು. ಒಂದು ಸಿಲಿಂಡರಿಗೆ ಎಷ್ಟು ಆಯುಷ್ಯ ಎಂದು ಕೇಳಿದರೆ ಅಬ್ಬಾ, "ಲೇತ್‌ವಾಲೆ ಭಾಯಿ ಇರೋವರೆಗೂ" ಎನ್ನುತ್ತಾರೆ. ಆ ಭಾಯಿಗೆ ಈಗ ಅರವತ್ತು ದಾಟಿದೆ.

ಇನ್ನು ಸೈಲೆನ್ಸರ್. ಈ ಗಾಡಿಗೆ ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಪೆಟ್ರೋಲಿಗೆ ಲೀಟರಿಗೆ ಮೂವತ್ತು ನಲವತ್ತು ಮಿಲಿ ಎಣ್ಣೆ ಬೆರೆಸಿ ಓಡಿಸುವುದರಿಂದ ಒಳಗೆ ಮಸಿ ಕಟ್ಟುತ್ತದೆ. ಅದು ತುಂಬಿಕೊಂಡರೆ ಗಾಡಿ ಏರು ಹತ್ತುವುದಿಲ್ಲ. ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಹಾಕಿ ತೊಳೆಯುತ್ತಾರೆ. ಅಬ್ಬಾರ ಕೈಬೆರಳುಗಳ ಚರ್ಮ ಹೋದದ್ದು ಅದರಿಂದಲೇ. ಕೈಗವಸು ತಂದುಕೊಟ್ಟೆ. ಬೋಲ್ಟು ಸಿಗುವುದಿಲ್ಲ ಎಂದು ತೆಗೆದಿಟ್ಟರು.

ಬಿಡಿಭಾಗಗಳ ಕಥೆ ಹೇಳಿದರೆ ಸಂಚಿಕೆ ಸಾಲದು. ಕೆಲವು ದೆಹಲಿಯ ಕರೋಲ್ ಬಾಗಿನಿಂದ ಬರುತ್ತವೆ. ದುಡ್ಡಿದ್ದವರು ಜೆಕ್ ದೇಶದಿಂದಲೇ ತರಿಸಿಕೊಳ್ಳುತ್ತಾರೆ. ಉಳಿದದ್ದು ಗುಜರಿ. ಅಂಗಡಿಯ ಹಿಂದೆ ಅಬ್ಬಾರ ಒಂದು ಕಬ್ಬಿಣದ ಪೆಟ್ಟಿಗೆ ಇದೆ. ಕಾರ್ಖಾನೆ ಇದ್ದ ಕಾಲದ ಗೇರುಗಳು, ಕಾರ್ಬೊರೇಟರು, ಸ್ಪೀಡೋಮೀಟರು, ಮೊಳೆಯಂತಹ ಹಳೆಯ ಜಾವಾ ಚಾವಿಗಳು ಅದರಲ್ಲಿವೆ. ಅದಕ್ಕೆ ಬೀಗ ಎರಡು. ಅಮ್ಮಿಯ ಒಡವೆ ಪೆಟ್ಟಿಗೆಗೆ ಒಂದೇ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಮೊದಲನೆಯ ದೂರು ಗಿರಾಕಿಗಳ ಮೇಲೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ ಎಂದು ಆಚರಿಸುತ್ತಾರೆ. ಗಾಡಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ನೋಡಲು ಚೆಂದ, ನಾನೂ ಹೋಗಿದ್ದೇನೆ. ಅದಕ್ಕೆ ಮುಂಚಿನ ಒಂದು ತಿಂಗಳು ಅಬ್ಬಾ ಮನೆಗೆ ಬರುವುದು ರಾತ್ರಿ ಹನ್ನೊಂದಕ್ಕೆ. ಟ್ಯಾಂಕಿನ ಕ್ರೋಮಿಗೆ ಎಂಟು ಸಾವಿರ ಕೊಡುವ ಗಿರಾಕಿ ಎಂಜಿನ್ ಬಿಚ್ಚಿ ಜೋಡಿಸಿದ ಕೂಲಿಗೆ ಇನ್ನೂರು ಕಡಿಮೆ ಮಾಡಿ ಎನ್ನುತ್ತಾನೆ. ನನ್ನ ಪುಸ್ತಕದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಸಾಮಾನಿನ ಬಾಬತ್ತಿನಲ್ಲಿ ಉದ್ರಿ ಕಡಿಮೆ, ಕೂಲಿಯ ಬಾಬತ್ತಿನಲ್ಲಿ ಉದ್ರಿ ಜಾಸ್ತಿ. ಸಾಮಾನು ಕಣ್ಣಿಗೆ ಕಾಣುತ್ತದೆ, ಅದಕ್ಕೆ ಬಿಲ್ ಇದೆ. ಮೂವತ್ತು ವರ್ಷದ ಅನುಭವಕ್ಕೆ ಬಿಲ್ ಯಾವ ಅಂಗಡಿಯಲ್ಲಿ ಕೊಡುತ್ತಾರೆ? ಆ ದಿನ ವೇದಿಕೆಗೆ ಮೆಕ್ಯಾನಿಕ್ಕುಗಳನ್ನು ಕರೆದು ಶಾಲು ಹೊದಿಸುವುದೂ ಉಂಟು. ನಮ್ಮ ಮನೆಯಲ್ಲಿ ಅಂಥ ಶಾಲು ಎರಡಿವೆ. ಅದರ ಬದಲು ಬಾಕಿ ಕೊಟ್ಟಿದ್ದರೆ ಚೆನ್ನಾಗಿತ್ತು ಎಂದು ಅಮ್ಮಿ ಹೇಳುತ್ತಾರೆ. ನಾನು ಅಮ್ಮಿಯ ಪಕ್ಷ.

ಎರಡನೆಯದು ಕಾನೂನು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಮಾನ್ಯ, ನಂಬರ್ ಪ್ಲೇಟಿನಲ್ಲಿ ವಿಎ ಎಂಬ ಗುರುತು. ಆದರೆ ಆ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಂಥದ್ದಕ್ಕೆ ಮಾತ್ರ. ಗಾಡಿಯನ್ನು ಷೋಕೇಸಿನಲ್ಲಿ ಇಡುವವರಿಗೆ ಇದು ಒಳ್ಳೆಯ ನಿಯಮವೇ. ಆದರೆ ಹಾಲಿನ ಕ್ಯಾನು ಕಟ್ಟುವ ರೈತರು ಇದರಲ್ಲಿ ಎಲ್ಲೂ ಇಲ್ಲ. ಅವರು ಸಾಮಾನ್ಯ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸಬೇಕು. ಹದಿನೈದು ವರ್ಷ ಮೀರಿದ ಬೈಕಿಗೆ ಈ ಶುಲ್ಕ ಮೊದಲು 300 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 1,000 ಆಯಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ಮೀರಿದವುಗಳಿಗೆ 2,000 ಎಂದಾಯಿತು. ರ‍್ಯಾಲಿಗೆ ಹೋಗುವವರಿಗೆ ಇದು ದೊಡ್ಡ ಮೊತ್ತವಲ್ಲ. ಆ ರೈತರಿಗೆ ಇದು ಮೂರು ಆಯಿಲ್ ಸೀಲ್ ಕೆಲಸದ ದುಡ್ಡು.

ಹಳೆಯ ಗಾಡಿ ಹೊಗೆ ಬಿಡುತ್ತದೆ, ಶುಲ್ಕ ಏರಿಸಿದ್ದು ಅದಕ್ಕೇ ಎಂದು ನಮ್ಮ ವಿಜ್ಞಾನ ವಿಭಾಗದ ಗೆಳತಿ ವಾದ ಮಾಡಿದಳು. ಅವಳ ಮಾತನ್ನು ಅಲ್ಲಗಳೆಯಲು ಆಗುವುದಿಲ್ಲ. ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ಸ್ವಲ್ಪ ಪೆಟ್ರೋಲು ಮಿಶ್ರಣ ಉರಿಯದೆ ಹಾಗೇ ಹೊರಗೆ ಹೋಗುತ್ತದೆ, ಅದರ ರಚನೆಯೇ ಹಾಗೆ. ಎಷ್ಟು ಚೆನ್ನಾಗಿ ಟ್ಯೂನ್ ಮಾಡಿದರೂ ಇಂದಿನ ಬಿಎಸ್-6 ಗಾಡಿಯಷ್ಟು ಸ್ವಚ್ಛ ಆಗುವುದಿಲ್ಲ. ಅಂಗಡಿಯಲ್ಲಿ ಸಂಜೆಯವರೆಗೆ ಕೂತು ಬಂದ ಅಬ್ಬಾರ ಕೆಮ್ಮು ನನಗೆ ಗೊತ್ತಿದೆ. ಆದರೆ ನಾನು ಕೇಳುವುದು ಇಷ್ಟೇ. ಹೊಗೆ ಅಳೆಯುವ ಯಂತ್ರ ಇರುವಾಗ ವಯಸ್ಸನ್ನು ಯಾಕೆ ಅಳೆಯಬೇಕು? ಪರೀಕ್ಷೆ ಮಾಡಿ, ಪಾಸಾಗದಿದ್ದರೆ ನಿಲ್ಲಿಸಿ. ಎಣ್ಣೆ ಜಾಸ್ತಿ ಬೆರೆಸಿದವನಿಗೆ ಬೈದು, ಕಾರ್ಬೊರೇಟರ್ ಸರಿಮಾಡಿ, ಸವೆದ ಸೀಲ್ ಬದಲಾಯಿಸಿ ಹೊಗೆ ಕಡಿಮೆ ಮಾಡುವವನೂ ಇದೇ ಮೆಕ್ಯಾನಿಕ್. (ನಮ್ಮ ಮನೆಯಲ್ಲಿ ಪಿಯುಸಿ ಎಂದರೆ ಎರಡು. ನಾನು ಓದುತ್ತಿರುವುದು ಒಂದು, ಗಾಡಿಯ ಹೊಗೆ ಸರ್ಟಿಫಿಕೇಟು ಇನ್ನೊಂದು. "ಪಿಯುಸಿ ಪಾಸಾಯಿತಾ?" ಎಂದು ಅಬ್ಬಾ ಫೋನಿನಲ್ಲಿ ಕೇಳಿದರೆ ನಾನು ತಲೆ ಎತ್ತಿ ನೋಡುತ್ತೇನೆ.)

ಹೊಸ ಗಾಡಿಗಳ ರಿಪೇರಿ ಮಾಡಬಹುದಲ್ಲ ಎಂದೂ ಕೇಳುತ್ತಾರೆ. ಅಲ್ಲೇ ಇರುವುದು ಚಿಂತೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಹೆಚ್ಚಿನ ಬೈಕುಗಳಲ್ಲಿ ಕಾರ್ಬೊರೇಟರ್ ಹೋಗಿ ಸೆನ್ಸರುಗಳು ಬಂದಿವೆ. ದೋಷ ಎಲ್ಲಿದೆ ಎಂದು ತಿಳಿಯಲು ಸ್ಕ್ಯಾನರ್ ಬೇಕು, ಕಂಪನಿಯ ಮಾಹಿತಿ ಬೇಕು. ಕಿವಿಗೊಟ್ಟು ಕೇಳಿ, ಪ್ಲಗ್ಗಿನ ಬಣ್ಣ ನೋಡಿ ಹೇಳುವ ಕಾಲ ಮುಗಿಯುತ್ತಿದೆ. ಕಾರುಗಳ ವಿಷಯದಲ್ಲಿ ಇದೇ ಪ್ರಶ್ನೆ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಬಂದಿತ್ತು. ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿದರು. ಪ್ರಕರಣ ಮೇಲ್ಮನವಿಗೆ ಹೋಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣ ತೆರೆಯಿತು. ಅದರಲ್ಲಿ ವಾಹನಗಳೂ ಸೇರಿವೆ. ನಾವು ವ್ಯವಹಾರ ಅಧ್ಯಯನದಲ್ಲಿ ಗ್ರಾಹಕರ ಹಕ್ಕುಗಳನ್ನು ಬಾಯಿಪಾಠ ಮಾಡುತ್ತೇವೆ. ನಾನು ಕೊಂಡ ವಸ್ತುವನ್ನು ನನಗೆ ನಂಬಿಕೆ ಇರುವವರ ಹತ್ತಿರ ರಿಪೇರಿ ಮಾಡಿಸುವುದೂ ಆ ಪಟ್ಟಿಗೆ ಸೇರಬೇಕು ಎಂಬುದು ನನ್ನ ವಾದ. ಅಬ್ಬಾ ಹಳೆಯ ಗಾಡಿಗಳನ್ನೇ ಹಿಡಿದುಕೊಂಡಿರುವುದಕ್ಕೆ ಪ್ರೀತಿ ಒಂದು ಕಾರಣ. ಅವು ಮಾತ್ರ ಅವರಿಗೆ ಬಾಗಿಲು ಹಾಕಿಲ್ಲ ಎಂಬುದು ಇನ್ನೊಂದು.

ಸರ್ಕಾರ ಕಸುಬುದಾರರಿಗಾಗಿ 2023ರ ಸೆಪ್ಟೆಂಬರಿನಲ್ಲಿ ಪಿಎಂ ವಿಶ್ವಕರ್ಮ ಯೋಜನೆ ತಂದಾಗ ನಾನು ಬಹಳ ಆಸೆಯಿಂದ ಪಟ್ಟಿ ನೋಡಿದೆ. ಹದಿನೆಂಟು ಕಸುಬುಗಳಿವೆ. ಕಮ್ಮಾರ, ಬಡಗಿ, ಕುಂಬಾರ, ಚಮ್ಮಾರ, ದರ್ಜಿ, ಬೀಗ ಮಾಡುವವರು ಕೂಡ ಇದ್ದಾರೆ. ಮೋಟಾರ್ ಮೆಕ್ಯಾನಿಕ್ ಇಲ್ಲ. ಅಬ್ಬಾಗೆ ಹೇಳಿದಾಗ, "ನಾವು ಹಳೇ ಕಸುಬಿನವರೂ ಅಲ್ಲ, ಹೊಸ ಕಸುಬಿನವರೂ ಅಲ್ಲ" ಎಂದು ನಕ್ಕರು.

ಮೂರನೆಯ ಮಾತು ನಮ್ಮ ಬಗ್ಗೆ. ಇದನ್ನು ಬರೆಯಬೇಕೋ ಬೇಡವೋ ಎಂದು ಸಂಪಾದಕ ಮಂಡಳಿಯ ಸರ್ ಹತ್ತಿರ ಕೇಳಿದೆ, ಬರಿ ಎಂದರು. ನಮ್ಮ ಜನರನ್ನು ಹೀಯಾಳಿಸಬೇಕಾದಾಗ ಹೊರಗಿನವರು ಬಳಸುವ ಒಂದು ಮಾತಿದೆ: ಪಂಕ್ಚರ್ ಹಾಕುವವರು. ಅದನ್ನು ಕೇಳಿದಾಗ ನಮಗೆಲ್ಲ ಸಿಟ್ಟು ಬರುತ್ತದೆ. ಆದರೆ ಅದೇ ಮಾತನ್ನು ನಮ್ಮ ಮನೆಗಳಲ್ಲಿ, ನಮ್ಮ ತರಗತಿಗಳಲ್ಲಿ ನಾವೇ ದಿನಾ ಬಳಸುತ್ತೇವೆ. ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದ ಹುಡುಗನಿಗೆ "ಓದಬೇಡ, ಹೋಗು, ಗ್ಯಾರೇಜು ಕಾಯ್ತಾ ಇದೆ" ಎಂದು ಹೇಳಿದ್ದನ್ನು ನಾನು ಈ ವರ್ಷವೇ ಎರಡು ಸಲ ಕೇಳಿದ್ದೇನೆ. ಹೇಳಿದವರು ಒಳ್ಳೆಯ ಉದ್ದೇಶದಿಂದಲೇ ಹೇಳಿದ್ದು, ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ಆ ತರಗತಿಯಲ್ಲಿ ನನ್ನ ಹಾಗೆ ಗ್ಯಾರೇಜಿನ ದುಡ್ಡಿನಲ್ಲಿ ಶುಲ್ಕ ಕಟ್ಟಿದವರು ಐದಾರು ಜನ ಇದ್ದೆವು. ಎಲ್ಲರೂ ಡೆಸ್ಕ್ ನೋಡುತ್ತಾ ಕೂತೆವು. ಸವಕಳಿ ಪಾಠದ ದಿನ ನಾನು ಸುಮ್ಮನಿದ್ದದ್ದಕ್ಕೂ ಇದೇ ಕಾರಣ.

ಇಲ್ಲಿ ನಾನು ಪೂರ್ತಿ ಪ್ರಾಮಾಣಿಕವಾಗಿರಬೇಕು. ಅಬ್ಬಾ ಕೂಡ ನನ್ನ ತಮ್ಮನಿಗೆ ಇದೇ ಮಾತು ಹೇಳುತ್ತಾರೆ. ಅವನಿಗೆ ಗಾಡಿಗಳೆಂದರೆ ಪ್ರಾಣ, ಹತ್ತು–ಹನ್ನೊಂದರ ಪಾನಾ ಯಾವುದು ಎಂದು ಕಣ್ಣು ಮುಚ್ಚಿ ಹೇಳುತ್ತಾನೆ. ಆದರೂ ಭಾನುವಾರ ಬಿಟ್ಟು ಬೇರೆ ದಿನ ಅಂಗಡಿಗೆ ಕಾಲಿಡಲು ಬಿಡುವುದಿಲ್ಲ. ಅಬ್ಬಾ ಉಸ್ತಾದರ ಹತ್ತಿರ ಸೇರಿದಾಗ ಅವರಿಗೆ ಹನ್ನೊಂದು ವರ್ಷ. ಮೊದಲ ಎರಡು ವರ್ಷ ಚಹಾ ತಂದು, ಸೀಮೆಎಣ್ಣೆಯಲ್ಲಿ ಸಾಮಾನು ತೊಳೆದದ್ದಷ್ಟೇ. ಹೆಸರು ಹಿಡಿದು ಯಾರೂ ಕರೆಯಲಿಲ್ಲ, ಛೋಟು ಎಂದೇ ಕರೆದರು. ತಪ್ಪು ಮಾಡಿದರೆ ಪಾನಾದಲ್ಲೇ ಏಟು. ಇವತ್ತು ಆ ವಯಸ್ಸಿನ ಮಗುವನ್ನು ಕೆಲಸಕ್ಕಿಟ್ಟುಕೊಂಡರೆ ಅದು ಅಪರಾಧ, ಅಪರಾಧವೇ ಆಗಿರಬೇಕು. ಉಸ್ತಾದ್–ಶಾಗಿರ್ದ್ ಸಂಬಂಧ ಎಂದು ಚೆಂದವಾಗಿ ಮಾತಾಡುವವರಿಗೆ ಈ ಭಾಗ ನೆನಪಿರುವುದಿಲ್ಲ. ಐವತ್ತು ತುಂಬುವ ಮೊದಲೇ ಬೆನ್ನು ಬಾಗಿದೆ. ವಿಮೆ ಇಲ್ಲ, ಪಿಂಚಣಿ ಇಲ್ಲ. ಮಗ ಇದಕ್ಕೆ ಬರಬಾರದು ಎಂದು ಅವರು ಬಯಸಿದರೆ ನಾನು ಹೇಗೆ ತಪ್ಪು ಎನ್ನಲಿ? ನಾನೂ ಸಿಎ ಓದಬೇಕೆಂದಿದ್ದೇನೆ, ಗ್ಯಾರೇಜಿನಲ್ಲಿ ಕೂರಬೇಕೆಂದಲ್ಲ.

ಆದ್ದರಿಂದ ಎಲ್ಲರೂ ಮೆಕ್ಯಾನಿಕ್ ಆಗಿ ಎಂದು ನಾನು ಹೇಳುತ್ತಿಲ್ಲ. ಕೆಲಸದ ಕಷ್ಟ ಬೇರೆ, ಕೆಲಸದ ಅವಮಾನ ಬೇರೆ. ಕಷ್ಟವನ್ನು ಕಡಿಮೆ ಮಾಡಲು ಕಾನೂನು, ದುಡ್ಡು, ತರಬೇತಿ ಬೇಕು. ಅವಮಾನವನ್ನು ನಿಲ್ಲಿಸಲು ಬಾಯಿ ನಿಲ್ಲಿಸಿದರೆ ಸಾಕು. ನಮ್ಮ ಉಪನ್ಯಾಸಕರಿಗೆ ನನ್ನ ವಿನಂತಿ: ನಮ್ಮನ್ನು ಬೈಯಿರಿ, ಖಂಡಿತ ಬೈಯಿರಿ, ಅಂಕ ಕಡಿಮೆ ಬಂದರೆ ಬೆಂಚಿನ ಮೇಲೆ ನಿಲ್ಲಿಸಿ. ಆದರೆ ಗ್ಯಾರೇಜನ್ನು ಶಿಕ್ಷೆಯ ಹೆಸರಾಗಿ ಬಳಸಬೇಡಿ.

ವಾಣಿಜ್ಯ ವಿಭಾಗದ ಗೆಳೆಯ ಗೆಳತಿಯರಿಗೂ ಒಂದು ಮಾತು. ಪ್ರತಿ ವರ್ಷ ಪ್ರಾಜೆಕ್ಟಿಗೆ ನಾವು ಯಾವುದೋ ದೊಡ್ಡ ಕಂಪನಿಯ ವಾರ್ಷಿಕ ವರದಿಯಿಂದ ಅಂಕಿ ಇಳಿಸಿಕೊಂಡು ಬಣ್ಣದ ಕಾಗದ ಅಂಟಿಸುತ್ತೇವೆ. ಅದರ ಬದಲು ನಮ್ಮ ಬೀದಿಯ ಒಂದು ಗ್ಯಾರೇಜಿನ ಮೂರು ತಿಂಗಳ ಜಮಾ ಖರ್ಚು ಬರೆದುಕೊಡಬಹುದು. ಉದ್ಯಮ್ ನೋಂದಣಿಗೆ ಒಂದು ರೂಪಾಯಿ ಶುಲ್ಕವಿಲ್ಲ, ಮೊಬೈಲಿನಲ್ಲೇ ಆಗುತ್ತದೆ. ಅಬ್ಬಾ ಇದನ್ನು ಬಹಳ ಕಾಲ ಮುಂದೂಡಿದ್ದರು, ಏಕೆಂದರೆ ಏಜೆಂಟ್ ಒಬ್ಬ ಎರಡು ಸಾವಿರ ಕೇಳಿದ್ದ. ನಾನು ಒಂದು ಸಂಜೆಯಲ್ಲಿ ಮಾಡಿ ಮುಗಿಸಿದೆ. ಆಮೇಲೆ ಪಕ್ಕದ ವೆಲ್ಡಿಂಗ್ ಅಂಗಡಿಯವರು ಬಂದರು, ಸೀಟು ಹೊಲಿಯುವವರು ಬಂದರು, ಲೇತ್ ಭಾಯಿ ಬಂದರು. ಎಲ್ಲರದೂ ಮಾಡಿಕೊಟ್ಟೆ. ಲೆಕ್ಕದ ಪುಸ್ತಕ ಇಲ್ಲದೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ, ಸಾಲ ಇಲ್ಲದೆ ಸ್ಕ್ಯಾನರ್ ಬರುವುದಿಲ್ಲ. ನಾವು ಕಲಿತದ್ದು ಇದಕ್ಕಲ್ಲದೆ ಇನ್ನೇತಕ್ಕೆ? ನಮ್ಮ ವಿಭಾಗದ ಮುಖ್ಯಸ್ಥರು ಒಪ್ಪಿದರೆ ಮುಂದಿನ ತಿಂಗಳು ಹೆಸರು ಬರೆಸಿಕೊಳ್ಳಲು ನಾನು ತಯಾರು. ಹುಡುಗಿಯರು ಗ್ಯಾರೇಜಿಗೆ ಹೋಗುವುದು ಹೇಗೆ ಎಂದು ಯೋಚಿಸಬೇಡಿ, ಚೀಟಿಗಳು ಮನೆಗೇ ಬರುತ್ತವೆ.

ನನ್ನ ಪ್ರಾಜೆಕ್ಟನ್ನು ನಾನು ಈಗಾಗಲೇ ಶುರು ಮಾಡಿದ್ದೇನೆ. ಅಬ್ಬಾರ ಅಂಗಡಿಯ ಆಸ್ತಿ ಹೊಣೆ ಪಟ್ಟಿ. ಉಪಕರಣಗಳನ್ನು ಬರೆದೆ, ಕಂಪ್ರೆಸರ್ ಬರೆದೆ, ಬರಬೇಕಾದ ಬಾಕಿ ಬರೆದೆ (ಅದೇ ಉದ್ದದ ಪಟ್ಟಿ). ದಾದಾರ ಯೆಜ್ಡಿಯನ್ನು 15 ರೂಪಾಯಿ ಎಂದೇ ಬರೆದೆ. ಅಬ್ಬಾ ನೋಡಿ ತುಂಬಾ ಹೊತ್ತು ನಕ್ಕರು. ಹೋದ ತಿಂಗಳು ಬೆಂಗಳೂರಿನಿಂದ ಬಂದ ಒಬ್ಬರು ಅದಕ್ಕೆ ಒಂದು ಲಕ್ಷಕ್ಕೂ ಮೇಲೆ ಕೊಡುತ್ತೇನೆ ಎಂದಿದ್ದರು, ಅಬ್ಬಾ ಚಹಾ ಕುಡಿಸಿ ಕಳಿಸಿದ್ದರು. ಕೊನೆಗೆ ಅಂತಿಮ ದಾಸ್ತಾನಿನ ಜಾಗ ಬಂತು. ಆ ಕಬ್ಬಿಣದ ಪೆಟ್ಟಿಗೆಯ ಸಾಮಾನಿಗೆ ಎಷ್ಟು ಹಾಕಲಿ ಎಂದು ಕೇಳಿದೆ.

"ಅದಕ್ಕೆ ಬೆಲೆ ಬರೀಬೇಡ ಬೇಟಾ. ಬರೆದರೆ ಯಾರಾದರೂ ಅಷ್ಟಕ್ಕೇ ಕೊಡು ಅಂತಾರೆ."

ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಮೇಡಂ ಅಂಕ ಕಳೆಯಬಹುದು.